ಚಾರ್ಟಿನಲ್ಲಿ ಅತ್ತೆ

ನೂಲಿನ ಲಡಿಗಳನ್ನು ಹಿಂಡಿ ಕೋಲಿಗೆ ಹಾಕುತ್ತಿದ್ದೆ. ಸೋದರತ್ತೆ ಬಣ್ಣದ ಕಡಾಯಿಯ ಮೇಲೆ ಬಗ್ಗಿ ಆವಿ ಮೂಸುತ್ತಿದ್ದಳು. ಆವಿಯ ಹುಳಿ ವಾಸನೆ ಹೋದದ್ದೇ ಅವಳು ಗಲ್ಲ ಎತ್ತುತ್ತಾಳೆ, ನಾನು ಲಡಿ ಎತ್ತುತ್ತೇನೆ. ಆರನೇ ಕ್ಲಾಸು ಬಿಟ್ಟಾಗಿನಿಂದ ನನ್ನ ವಿದ್ಯೆ ಇಷ್ಟೇ.

ಕೆಲಸವನ್ನೆಲ್ಲ ಡಬ್ಬಿ, ಬಾಣಗಳ ಚಾರ್ಟಾಗಿ ಬರೆಯುವ ಆಫೀಸರು ಲ್ಯಾಪ್‌ಟಾಪ್ ಹಿಡಿದು ಬಂದರು.

"ಲಡಿ ಯಾವಾಗ ತೆಗೀಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಮೂಗಿಗೆ ಗೊತ್ತಾಗುತ್ತಪ್ಪ," ಎಂದಳು ಅತ್ತೆ.

ಜೊತೆಗೆ ಬಂದಿದ್ದ ಕಾರ್ಖಾನೆಯ ಮೇಸ್ತ್ರಿ ರೇಗಿದ. "ಸರಿಯಾಗಿ ಬೊಗಳೇ, ಮುದಿ ಮುಂಡೆ! ನಿನ್ ಮೂಗನ್ನ ಡಬ್ಬಿಯೊಳಗೆ ಬರೀತಾರಾ?"

ಆಫೀಸರು ನನ್ನ ಕಡೆ ತಿರುಗಿದರು. "ನೀವು ಹೇಳಿ ಮೇಡಂ."

ಮೇಡಂ! ಇಲ್ಲಿ ನನ್ನನ್ನು ಗುಮ್ಮನಗುಸಕಿ ಎಂದಲ್ಲದೆ ಬೇರೆ ಹೆಸರಿಂದ ಕರೆದವರಿಲ್ಲ.

"ಇಪ್ಪತ್ತು ನಿಮಿಷ ಸಾರ್."

ಎಲ್ಲಿಂದ ಬಂತೋ! ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ಏನೋ ಒಂದು ಸಂಖ್ಯೆ ಹೇಳಿಬಿಟ್ಟರೆ ಅವರು ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಅದೇ ಹಳೇ ಚಾಳಿ. ಇವರು ಮಾತ್ರ ಬರೆದುಕೊಂಡರು.

ಚಾರ್ಟು ಗೋಡೆಗೆ ಬಂತು. ನಾನೋ ದೊಡ್ಡ ಪಂಡಿತೆಯ ಹಾಗೆ ಬೆರಳಿಟ್ಟು ಅತ್ತೆಗೆ ಓದಿ ಹೇಳಿದೆ: "ಲಡಿ ಅದ್ದು. ಇಪ್ಪತ್ತು ನಿಮಿಷ ಆಯ್ತೇ? ಹೌದು. ಲಡಿ ತೆಗೆ."

"ಇದ್ರಲ್ಲಿ ನಾನೆಲ್ಲಿದ್ದೀನೇ?"

ಮೂಲೆಯಿಂದ ಮೂಲೆಗೆ ಹುಡುಕಿದೆ.

"ಮೋಡ ಮುಚ್ಚಿದ ದಿನ ಬಣ್ಣದ ನೀರು ಹದಕ್ಕೆ ಬರೋದು ತಡ ಆಗುತ್ತಲ್ಲ, ಆವತ್ತೇನ್ ಮಾಡ್ತಾರಂತೆ?"

ಪಂಡಿತೆ ಚಾರ್ಟಿನ ಮೇಲಿಂದ ಬೆರಳು ತೆಗೆದಳು.

ಸೋಮವಾರ ಗೇಟಿನಲ್ಲೇ ಮೇಸ್ತ್ರಿ ಅತ್ತೆಯನ್ನು ತಡೆದ. "ನಿನ್ ಕೆಲ್ಸವೆಲ್ಲ ಕಾಗದಕ್ಕೆ ಬಂದಾಯ್ತು. ಮನೆಗೆ ನಡಿ." ಓದಲು ಬರುವ ನನ್ನನ್ನು ಒಳಗೆ ಬಿಟ್ಟ. ಅತ್ತೆ ನನ್ನನ್ನು ಬಯ್ಯಲಿಲ್ಲ, ಗೇಟಿಗೊರಗಿ ನಿಂತಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಹೊರಗೆ ಮೋಡ. ಲಡಿ ಅದ್ದಿ ಇಪ್ಪತ್ತು ನಿಮಿಷಕ್ಕೆ ಆಫೀಸರ ಲ್ಯಾಪ್‌ಟಾಪು ಗಂಟೆ ಹೊಡೆಯಿತು. ಮೂಸಿದೆ. ಆವಿ ಇನ್ನೂ ಹುಳಿ ಹುಳಿ.

"ತೆಗಿಯೇ, ದರಿದ್ರದೋಳೆ! ಓದಕ್ಕೆ ಬರಲ್ವಾ?" ಮೇಸ್ತ್ರಿ ಅರಚಿದ.

ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ತೆಗಿಯಲ್ಲ. ಇಪ್ಪತ್ತು ನಿಮಿಷ ಅಂತ ಸುಳ್ಳು ಹೇಳಿದ್ದು ನಾನು."

ಗಂಟೆ ಹೊಡೆಯುತ್ತಲೇ ಇತ್ತು. ಮೇಸ್ತ್ರಿ ಆಫೀಸರ ಮುಖ ನೋಡಿದ. ಆಫೀಸರು ಪರದೆ ನೋಡಿದರು.

"ಅತ್ತೆ ಇನ್ನೂ ಗೇಟಿನ ಹತ್ರಾನೇ ನಿಂತಿದ್ದಾಳೆ. ಒಳಗೆ ಬಿಡಿ ಸಾರ್."