ವಾರಕ್ಕೊಂದು ರಾತಲು

ವಾಮದಪದವಿನ ಸುತ್ತಮುತ್ತ ಮೂರು ಗ್ರಾಮಗಳಲ್ಲಿ ಸೂಲಗಿತ್ತಿ ದಮಯಂತಕ್ಕನ ಕೈಗೆ ಹುಟ್ಟದ ಮಕ್ಕಳು ಕಡಿಮೆ. ಕಿಲೋ ಎಂಬ ಮಾತು ಇನ್ನೂ ಬಾರದೆ, ಎಲ್ಲವನ್ನೂ ರಾತಲಿನಲ್ಲೇ ತೂಗುತ್ತಿದ್ದ ಕಾಲ ಅದು. ಎರಡು ಕಾಲು ರಾತಲಿಗೆ ಈಗಿನ ಒಂದು ಕಿಲೋ ಎಂದು ತಿಳಿದುಕೊಳ್ಳಿ.

ಸೂಲಗಿತ್ತಿ ಎಂದರೆ ಹೆರಿಗೆ ಮುಗಿಸಿ ಕೈ ತೊಳೆದು ಹೋಗುವವಳಲ್ಲ. ನಲವತ್ತು ದಿನ ಬಾಣಂತಿಗೆ ಎಣ್ಣೆ ತಿಕ್ಕಿ ಮೀಯಿಸಬೇಕು, ಮಗುವನ್ನೂ ಮೀಯಿಸಬೇಕು. ಅದೆಲ್ಲ ಮುಗಿದು ವರ್ಷಗಳು ಕಳೆದರೂ ಆ ಮನೆಯ ಅಂಗಳದಲ್ಲಿ ಅವಳು ಸುಮ್ಮನೆ ಹಾದುಹೋಗುವ ಹಾಗಿಲ್ಲ.

"ನಮ್ಮ ಮಗುವಿನ ಹೊಕ್ಕುಳಬಳ್ಳಿ ಕೊಯ್ದವರು ಬಾಯಾರಿಕೆಗೆ ಎಂತ ತಗೊಳ್ಳದೆ ಹೋಗುವುದಾ? ಒಳಗೆ ಬನ್ನಿ ಅಕ್ಕ!"

ಒಂದು ಮನೆಯಲ್ಲಿ ಬೆಲ್ಲ-ನೀರು, ಇನ್ನೊಂದರಲ್ಲಿ ಪತ್ರೊಡೆ, ಮತ್ತೊಂದರಲ್ಲಿ ಬಾಣಂತಿಗೆಂದು ಕಾಯಿಸಿದ ಮೆಂತೆ ಲೇಹದ ದೊಡ್ಡ ಉಂಡೆ. ಬೇಡ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಬರುತ್ತಿರಲಿಲ್ಲ. ಹಾಗೆ ಇಪ್ಪತ್ತು ವರ್ಷಗಳಲ್ಲಿ ಊರಿನ ಪ್ರೀತಿಯೆಲ್ಲ ದಮಯಂತಕ್ಕನ ಸೊಂಟದ ಸುತ್ತ ಬಂದು ಕೂತುಬಿಟ್ಟಿತ್ತು. ಗಂಡ ಸಂಕಪ್ಪ ತಮಾಷೆ ಮಾಡುತ್ತಿದ್ದ, "ನೀನು ಬಸ್ಸು ಹತ್ತಿದ್ರೆ ಕಂಡಕ್ಟರ್ ಎರಡು ಟಿಕೆಟು ಹರೀತಾನೆ ಮಾರಾಯ್ತಿ!" ಅವಳೂ ನಗುತ್ತಿದ್ದಳು. ಮೊಣಕಾಲು ನೋಯುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಆ ನಗು ನಿಂತದ್ದು ಮೇಲಿನಗುಡ್ಡೆಯ ಹುಕ್ರಪ್ಪನ ಮನೆಯ ಹೆರಿಗೆಯಲ್ಲಿ. ಹುಕ್ರಪ್ಪನ ಹೆಂಡತಿ ಪದ್ಮಾಕ್ಷಿ ತಾಯಿಯಿಲ್ಲದ ಹುಡುಗಿ. ಚೊಚ್ಚಲು ಹೆರಿಗೆಗೆ ಹೋಗಲು ತವರಿಲ್ಲ. ಬೆಳಗ್ಗೆ ಕರೆ ಬಂದಾಗ ದಮಯಂತಕ್ಕ ಓಡೋಡಿ ಹೊರಟಳು. ಆದರೆ ಗುಡ್ಡೆಯ ದಾರಿ ನೆಟ್ಟಗೆ ಮೇಲಕ್ಕೆ. ಏಳು ಸಲ ಕೂತಳು. ಎಂಟನೆಯ ಸಲ ಕೂತವಳಿಗೆ ಏಳಲು ಉಸಿರೇ ಇರಲಿಲ್ಲ. ಹುಕ್ರಪ್ಪ ಕೈಹಿಡಿದು ಎಳೆದು, ತಳ್ಳಿ, ಅಂತೂ ಮನೆ ಮುಟ್ಟಿಸುವಷ್ಟರಲ್ಲಿ ಮಗು ಹುಟ್ಟಿಯಾಗಿತ್ತು. ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಮಗು ಅಳಲೇ ಇಲ್ಲ.

ಬೆರಳು ತೂರಿಸಿ ಬಳ್ಳಿಯನ್ನು ತಲೆಯ ಮೇಲಿಂದ ಜಾರಿಸುವುದು ದಮಯಂತಕ್ಕನಿಗೆ ಎಷ್ಟು ಹೊತ್ತಿನ ಕೆಲಸ? ಅರ್ಧ ಗಂಟೆ ಮೊದಲು ಮುಟ್ಟಿದ್ದರೆ ಸಾಕಿತ್ತು. ಯಾರೂ ಅವಳನ್ನು ಬೈಯಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ.

ಮರುವರ್ಷ ಏಪ್ರಿಲ್ ತಿಂಗಳ ಬಿಸು ಹಬ್ಬದ ಮಾರನೆಯ ದಿನ ಪದ್ಮಾಕ್ಷಿಯೇ ಗುಡ್ಡೆ ಇಳಿದು ಬಂದು ಜಗಲಿಯಲ್ಲಿ ಕೂತಳು. ಮತ್ತೆ ಬಸುರಿ, ಮೂರು ತಿಂಗಳಾಗಿತ್ತು.

"ಅಕ್ಕ, ಈ ಸಲವೂ ನೀವೇ ಬರ್ಬೇಕು. ಬೇರೆ ಯಾರೂ ಬೇಡ ನಂಗೆ."

"ನಾನಾ? ನನ್ನಿಂದ ಆ ಗುಡ್ಡೆ ಹತ್ಲಿಕ್ಕೆ ಆಗ್ತದಾ ಮಗಾ? ಬೆಳ್ತಂಗಡಿ ಆಸ್ಪತ್ರೆಗಾದರೂ ಹೋಗು."

"ಮಳೆಗಾಲ ಮುಗಿಯುವಾಗ ದಾರಿ ಹೇಗಿರ್ತದೋ, ನೋವು ಯಾವಾಗ ಬರ್ತದೋ. ನೀವು ಬರ್ತೀರಿ ಅಂತ ಇದ್ರೆ ನಂಗೆ ಧೈರ್ಯ. ಇನ್ನೂ ಆರು ತಿಂಗಳುಂಟಲ್ಲ."

ದಮಯಂತಕ್ಕ ಆ ಹುಡುಗಿಯ ಮುಖವನ್ನೇ ನೋಡಿದಳು. "ಬರ್ತೇನೆ" ಎಂದುಬಿಟ್ಟಳು. ಮನಸ್ಸಿನಲ್ಲಿ ಇನ್ನೂ ಒಂದು ಮಾತು ಹೇಳಿಕೊಂಡಳು: ಎರಡೇ ತಿಂಗಳಲ್ಲಿ ಮದುವೆಯ ದಿನ ಹೇಗಿದ್ದೆನೋ ಹಾಗೆ ಆಗುತ್ತೇನೆ.

ಮರುದಿನವೇ ಉಮ್ಮರನ ಅಂಗಡಿಗೆ ಹೋದಳು. ಕೊಬ್ಬರಿ, ಕಾಳುಮೆಣಸಿನ ಗೋಣಿಗಳನ್ನು ತೂಗುವ ದೊಡ್ಡ ತಕ್ಕಡಿ ಊರಲ್ಲಿದ್ದದ್ದು ಅವನಲ್ಲಿ ಮಾತ್ರ.

"ಉಮ್ಮರ್ ಬ್ಯಾರಿಗಳೇ, ನನ್ನನ್ನೊಮ್ಮೆ ತೂಗಿ."

ಉಮ್ಮರ್ ಕಕ್ಕಾಬಿಕ್ಕಿಯಾದ. "ಎಂತ ದಮಯಂತಕ್ಕ, ಗಿರಾಕಿ ಯಾರು?"

"ನಗ್ಬೇಡಿ. ತೂಗಿ."

ಪಾಪದವನು, ಬಾಗಿಲಿಗೆ ಗೋಣಿಯೊಂದನ್ನು ಅಡ್ಡ ಕಟ್ಟಿ ತೂಗಿದ. ಇನ್ನೂರ ಹನ್ನೆರಡು ರಾತಲು. ದಮಯಂತಕ್ಕ ಆ ದಿನದಿಂದ ಊಟ ಬಿಟ್ಟಳು. ಮಧ್ಯಾಹ್ನ ಒಂದು ಗಿಣ್ಣಲು ಗಂಜಿಯ ತಿಳಿ, ಅಷ್ಟೆ. ಗಂಡ ಎಷ್ಟು ಹೇಳಿದರೂ ಕೇಳಲಿಲ್ಲ. ದಿನಾ ಬೆಳಗ್ಗೆ ತಕ್ಕಡಿಯ ಮುಂದೆ ಹಾಜರು. ಹತ್ತು ದಿನದಲ್ಲಿ ಒಂಬತ್ತು ರಾತಲು ಇಳಿಯಿತು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೀಗೇ ಇಳಿದರೆ ಎರಡು ತಿಂಗಳೂ ಬೇಡ ಎಂದು ಬೆರಳು ಮಡಿಸಿ ಎಣಿಸಿದಳು.

ಹನ್ನೊಂದನೆಯ ದಿನ ತಕ್ಕಡಿ ಕದಲಲಿಲ್ಲ. ಹನ್ನೆರಡು, ಹದಿಮೂರು, ಇಲ್ಲ. ಹದಿನಾಲ್ಕನೆಯ ದಿನ ಒಂದು ರಾತಲು ಜಾಸ್ತಿಯೇ ತೋರಿಸಿತು!

"ನಿಮ್ಮ ತಕ್ಕಡಿಗೆ ಎಂತದೋ ಆಗಿದೆ" ಎಂದು ಸಿಡುಕಿದಳು.

"ತಕ್ಕಡಿಗೆ ಎಂತ ಆಗ್ಲಿಲ್ಲ ಅಕ್ಕ. ಕೊಬ್ಬರಿ ಒಣಹಾಕಿದಾಗಲೂ ಹೀಗೇ. ಮೊದಲು ನೀರು ಹೋಗ್ತದೆ, ತೂಕ ಸರ್ರನೆ ಇಳೀತದೆ. ಮತ್ತೆ ನಿಧಾನ."

"ನಾನು ಕೊಬ್ಬರಿಯಾ?" ಎಂದು ಮುಖ ಊದಿಸಿಕೊಂಡು ಬಂದಳು. ಅಂದು ತಿಳಿಯನ್ನೂ ಮುಟ್ಟಲಿಲ್ಲ.

ಮರುದಿನ ಒಂದು ಬಾಣಂತಿ ಮನೆಯಲ್ಲಿ ಕಾಲು ಚಾಚಿ ಕೂತು, ಹನ್ನೆರಡು ದಿನದ ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹೊಯ್ಯುತ್ತಿದ್ದಾಗ ಅವಳಿಗೆ ಕಣ್ಣು ಕತ್ತಲೆ ಬಂತು. ಅಜ್ಜಿ ಪಕ್ಕದಲ್ಲೇ ಇದ್ದು ಮಗುವನ್ನು ಎತ್ತಿಕೊಂಡದ್ದಕ್ಕೆ ಬಚಾವಾಯಿತು. ಎಚ್ಚರ ಬಂದಾಗ ದಮಯಂತಕ್ಕ ಮೊದಲು ಕೇಳಿದ್ದು, "ಮಗು?" ಮಗು ಕಿರುಚಿ ಅಳುತ್ತಿತ್ತು. ಅವಳೂ ಅತ್ತಳು.

ವಾರಕ್ಕೊಮ್ಮೆ ಬಸ್ಸಿನಲ್ಲಿ ಊರಿಗೆ ಬರುವ ಸರಕಾರಿ ನರ್ಸು ಶಂಕರಿ, ಸುದ್ದಿ ಕೇಳಿ ನೇರ ಮನೆಗೇ ಬಂದರು. ಸಂಕಪ್ಪ ಅವರ ಮುಂದೆ ಗೊಣಗಿದ, "ನೋಡಿ ನರ್ಸಮ್ಮ, ಇವಳ ಅಮ್ಮನೂ ದಪ್ಪ, ಅಜ್ಜಿಯೂ ದಪ್ಪ. ಇದೆಲ್ಲ ಇಳಿಯುವ ಮೈ ಅಲ್ಲ. ಸುಮ್ಮನೆ ಬಿಡ್ಲಿಕ್ಕೆ ಹೇಳಿ."

"ಅಮ್ಮನ ಮೈಕಟ್ಟು ಮಗಳಿಗೆ ಬರ್ತದೆ ಸಂಕಪ್ಪಣ್ಣ. ಆದ್ರೂ ಇಳೀತದೆ. ಇವರು ಹೇಳಿದಷ್ಟು ಬೇಗ ಇಳಿಯುವುದಿಲ್ಲ, ಅಷ್ಟೆ." ನರ್ಸಮ್ಮ ದಮಯಂತಕ್ಕನ ನಾಡಿ ಹಿಡಿದು ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಪಕ್ಕದಲ್ಲಿ ಕೂತು ಕೇಳಿದರು, "ದಮಯಂತಕ್ಕ, ಚೊಚ್ಚಲು ಹೆರಿಗೆಯ ಹುಡುಗಿ ನೋವು ತಡೀಲಿಕ್ಕಾಗದೆ 'ಮಗುವನ್ನು ಎಳೆದು ತೆಗೀರಿ' ಅಂತ ಕೂಗಿದ್ರೆ ನೀವು ಎಂತ ಹೇಳ್ತೀರಿ?"

"ಎಳೀಲಿಕ್ಕುಂಟಾ? ಪ್ರತಿ ನೋವಿಗೂ ಮಗು ಒಂದು ನೂಲಿನಷ್ಟು ಕೆಳಗೆ ಬರ್ತದೆ. ಅವಳಿಗೆ ಗೊತ್ತಾಗುವುದಿಲ್ಲ, ನನ್ನ ಕೈಗೆ ಗೊತ್ತಾಗ್ತದೆ. ಕಾಯ್ಬೇಕು. ಅವಸರ ಮಾಡಿದ್ರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ."

"ಮತ್ತೆ ನಿಮ್ಮ ಮೈಯನ್ನು ಯಾಕೆ ಹೀಗೆ ಎಳೀತಾ ಇದ್ದೀರಿ?"

ಊರಿಗೆಲ್ಲ ತಾಳ್ಮೆ ಹೇಳಿಕೊಡುವವಳಿಗೆ ತನ್ನ ಮೈಗೆ ಎರಡು ವಾರ ಕೊಡಲು ಆಗಿರಲಿಲ್ಲ.

"ಹತ್ತು ದಿನದಲ್ಲಿ ಹೋದದ್ದರಲ್ಲಿ ಹೆಚ್ಚಿನದ್ದು ನೀರು" ಎಂದರು ನರ್ಸಮ್ಮ. "ಉಪವಾಸ ಬಿದ್ರೆ ಕೈಕಾಲಿನ ಬಲವೂ ಹೋಗ್ತದೆ. ಬಲ ಹೋದ್ರೆ ಗುಡ್ಡೆ ಹತ್ತುವುದು ಯಾರು? ಇಪ್ಪತ್ತು ವರ್ಷದಲ್ಲಿ ಬಂದದ್ದು ಎರಡು ತಿಂಗಳಲ್ಲಿ ಹೋಗುವುದಿಲ್ಲ. ವಾರಕ್ಕೆ ಒಂದು ರಾತಲು ಇಳಿದ್ರೆ ಅದು ಒಳ್ಳೆಯ ಇಳಿಕೆ."

"ಒಂದೇ? ಹಾಗಾದ್ರೆ ಪದ್ಮಾಕ್ಷಿಯ ದಿನ ತುಂಬುವಾಗ?"

"ಇಪ್ಪತ್ತೋ ಇಪ್ಪತ್ತೈದೋ ಇಳಿದಿರ್ತದೆ. ಆಗಲೂ ನೀವು ದಪ್ಪವೇ ಇರ್ತೀರಿ. ಅದನ್ನು ಈಗಲೇ ಒಪ್ಪಿಕೊಳ್ಳಿ. ಗುಡ್ಡೆಗೆ ನಿಮ್ಮ ಸೊಂಟದ ಅಳತೆ ಬೇಡ ದಮಯಂತಕ್ಕ, ಉಸಿರು ಸಾಕು. ಅಷ್ಟು ಇಳಿದ್ರೇ ಮೊಣಕಾಲಿಗೆ ಎಷ್ಟು ಹಗುರ ಆಗ್ತದೆ ನೋಡಿ."

ಊಟ ಬಿಡಬಾರದು ಎಂದರು. ಕುಚ್ಚಿಲಕ್ಕಿ ಗಂಜಿ ಅರ್ಧ ಬಟ್ಟಲು, ಜೊತೆಗೆ ಹುರುಳಿ ಸಾರು, ಹರಿವೆ, ಬಸಳೆ, ಒಂದಿಷ್ಟು ಮೀನು, ಮಜ್ಜಿಗೆ. ಮನೆಮನೆಯ ಬೆಲ್ಲ, ಉಂಡೆ ಮಾತ್ರ ಇನ್ನು ಬೇಡ. ತೂಕ ವಾರಕ್ಕೊಮ್ಮೆ, ಬೆಳಗ್ಗೆ ಗಂಜಿಗೆ ಮೊದಲು, ಅದೇ ಸೀರೆಯಲ್ಲಿ. ದಿನಾ ನಡಿಗೆ, ಮೊದಲ ವಾರ ಗುಡ್ಡೆಯ ಬುಡದ ಹಲಸಿನ ಮರದವರೆಗೆ ಮಾತ್ರ.

ಬೆಲ್ಲ ಬೇಡ ಎನ್ನುವುದೇ ಎಲ್ಲಕ್ಕಿಂತ ಕಷ್ಟವಾಯಿತು. "ಈಗ ನಮ್ಮ ಮನೆಯ ಬೆಲ್ಲ ಆಗುವುದಿಲ್ಲವಾ ನಿಮಗೆ?" ಎಂದು ಹೆಂಗಸರು ಮುಖ ಸಣ್ಣ ಮಾಡಿದರು. ದಮಯಂತಕ್ಕ ಉಪಾಯ ಹುಡುಕಿದಳು. ಬೆಲ್ಲದ ತುಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಾನೇ ಹೆರಿಗೆ ಮಾಡಿಸಿದ ಮಗುವನ್ನು ಕರೆದು ಅದರ ಬಾಯಿಗಿಟ್ಟು, ತಾನು ನೀರು ಕುಡಿದು ಏಳುತ್ತಿದ್ದಳು. ಮುಖ ಸಣ್ಣ ಮಾಡಿದವರು ಮತ್ತೆ ನಕ್ಕರು.

ಹಲಸಿನ ಮರ ದಾಟಿತು, ಮೊದಲ ತಿರುವು ದಾಟಿತು. ಮಳೆ ಹಿಡಿದ ದಿನ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದಳು. ತೂಕ ಕೆಲವು ವಾರ ಒಂದು ರಾತಲು, ಕೆಲವು ವಾರ ಅರ್ಧ. ಜಡಿಮಳೆಯ ಆಟಿ ತಿಂಗಳು, ಅಂದರೆ ಆಷಾಢ, ಬಂದಾಗ ಮೂರು ವಾರ ಏನೂ ಇಳಿಯಲಿಲ್ಲ.

ಆಟಿ ಅಮಾವಾಸ್ಯೆಗೆ ನಮ್ಮ ಕಡೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದುಂಟು. ವರ್ಷಕ್ಕೆ ಒಂದೇ ದಿನ, ಕಹಿಯೆಂದರೆ ಕಹಿ. ದಮಯಂತಕ್ಕನ ತಲೆಗೆ ಒಂದು ಯೋಚನೆ ಹೊಕ್ಕಿತು: ಒಂದು ದಿನಕ್ಕೇ ಹೊಟ್ಟೆ ಶುದ್ಧ ಮಾಡುವ ಕಷಾಯವನ್ನು ದಿನಾ ಕುಡಿದರೆ ಕೊಬ್ಬು ಕರಗಲಿಕ್ಕಿಲ್ಲವೇ? ಉಳಿದ ತೊಗಟೆಯನ್ನು ಮರುದಿನ ಮೆಲ್ಲನೆ ಜಜ್ಜುತ್ತಿದ್ದಾಗ ಸಂಕಪ್ಪ ಬಂದು ಹಿಂದೆ ನಿಂತ.

"ಅದೆಂತ?"

"ಮೂರು ವಾರ ಆಯ್ತು ಮಾರಾಯ್ರೆ! ಒಂದು ಚೂರೂ ಇಳಿಯಲಿಲ್ಲ. ನನ್ನಿಂದಾಗುವುದಿಲ್ಲ." ಅವಳು ಜಜ್ಜುವುದನ್ನು ನಿಲ್ಲಿಸಿದಳು. "ಪದ್ಮಾಕ್ಷಿ ಕಾಯ್ತಾಳೆ, ನಾನು ಪುನಃ ದಾರಿಯಲ್ಲಿ ಕೂತುಬಿಡ್ತೇನೆ."

ಸಂಕಪ್ಪ ತೊಗಟೆಯನ್ನು ತೆಗೆದು ಅಂಗಳದಾಚೆ ಎಸೆದ. ನಂತರ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತ.

"ವರ್ಷಕ್ಕೊಮ್ಮೆಯದ್ದನ್ನು ದಿನಾ ಕುಡಿದು ಸಾಯ್ಬೇಕಾ? ನರ್ಸಮ್ಮ ವಾರಕ್ಕೊಂದು ರಾತಲು ಹೇಳಿದ್ದು, ಪ್ರತಿ ವಾರವೂ ಲೆಕ್ಕ ಹಾಕಿದ ಹಾಗೆ ಇಳೀತದೆ ಅಂತ ಹೇಳ್ಲಿಲ್ಲ. ಈಗ ಒಂದು ಮಾತು ಹೇಳು. ಬೆಳಗ್ಗೆ ನೆಲದಿಂದ ಎದ್ದೆಯಲ್ಲ, ಗೋಡೆ ಹಿಡಿದೆಯಾ?"

ದಮಯಂತಕ್ಕ ಯೋಚಿಸಿದಳು. ಹಿಡಿದಿರಲಿಲ್ಲ.

"ಬಾವಿಯಿಂದ ಕೊಡ ತರುವಾಗ ಮಧ್ಯದಲ್ಲಿ ಇಳಿಸ್ತಿದ್ದಿ, ಈಗ ಇಳಿಸುವುದಿಲ್ಲ. ನಿನ್ನ ಗೊರಕೆ ಕೂಡ ಅರ್ಧ ಆಗಿದೆ. ನಾನು ಎಲ್ಲ ನೋಡ್ತಾ ಇದ್ದೇನೆ ಮಾರಾಯ್ತಿ. ತಕ್ಕಡಿಗೆ ಇದೆಲ್ಲ ಎಲ್ಲಿ ಕಾಣ್ತದೆ? ಏಳು, ನಡಿ. ನಾನೂ ಬರ್ತೇನೆ, ತಿರುವಿನವರೆಗೆ ಹೋಗಿ ಬರುವ."

ಮೈ ಇಳಿಯುವುದಿಲ್ಲ ಎಂದಿದ್ದ ಮನುಷ್ಯ ಅಂದಿನಿಂದ ದಿನಾ ಕೊಡೆ ಹಿಡಿದು ಪಕ್ಕದಲ್ಲೇ ನಡೆದ. ತನ್ನ ಗಂಡ ತನ್ನನ್ನು ಇಷ್ಟು ಗಮನಿಸುತ್ತಿದ್ದ ಎಂಬುದೇ ದಮಯಂತಕ್ಕನಿಗೆ ಹೊಸ ಬಲ ಕೊಟ್ಟಿತು. ನಾಲ್ಕನೆಯ ವಾರ ತಕ್ಕಡಿಯೂ ಕದಲಿತು.

ದೀಪಾವಳಿಗೆ ಎಂಟು ದಿನವಿದೆ ಎನ್ನುವಾಗ, ಬೆಳಗಿನ ಗಂಜಿಯ ಹೊತ್ತಿಗೆ ಹುಕ್ರಪ್ಪ ಏದುಸಿರು ಬಿಡುತ್ತ ಬಂದ. "ಅಕ್ಕ, ನೋವು ಶುರುವಾಯ್ತು!"

"ಶಂಕರಿ ನರ್ಸಮ್ಮನಿಗೂ ಬಸ್ಸಿನವರ ಹತ್ರ ಹೇಳಿ ಕಳಿಸು" ಎಂದು ದಮಯಂತಕ್ಕ ಚೀಲ ಎತ್ತಿಕೊಂಡಳು. ಹಿಂದಿನ ದಿನವಷ್ಟೇ ತೂಗಿಸಿಕೊಂಡಿದ್ದಳು, ನೂರ ಎಂಬತ್ತೆಂಟು. ಮದುವೆಯ ದಿನದ ಮೈ ಇನ್ನೂ ಬಹಳ ದೂರವಿತ್ತು. ಹಲಸಿನ ಮರದಲ್ಲಿ ನಿಲ್ಲಲಿಲ್ಲ. ಮೊದಲ ತಿರುವಿನಲ್ಲಿ ನಿಲ್ಲಲಿಲ್ಲ. ಎರಡನೆಯ ತಿರುವಿನ ಕಲ್ಲಿನ ಮೇಲೆ ಒಮ್ಮೆ ಕೂತಳು, ಮನೆ ಕಾಣುವಲ್ಲಿ ಇನ್ನೊಮ್ಮೆ. ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ತಾನೇ ಎದ್ದಳು, ಯಾರ ಕೈಯೂ ಬೇಕಾಗಲಿಲ್ಲ.

ಪದ್ಮಾಕ್ಷಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ಗಂಟೆ ಕಾದರು. ಮಗುವಿನ ತಲೆ ಬಂದಾಗ ದಮಯಂತಕ್ಕನ ಬೆರಳಿಗೆ ಬಳ್ಳಿ ತಾಗಿತು. ಈ ಸಲವೂ ಕುತ್ತಿಗೆಗೆ ಒಂದು ಸುತ್ತು. ಬೆರಳು ತೂರಿಸಿ, ಮೆಲ್ಲನೆ ಸಡಿಲ ಮಾಡಿ, ತಲೆಯ ಮೇಲಿಂದ ಜಾರಿಸಿದಳು. ಮರುಕ್ಷಣ ಮಗು ಹೊರಗೆ ಬಂತು, ಮನೆ ಹಾರಿಹೋಗುವ ಹಾಗೆ ಅತ್ತಿತು. ಹೊರಗಿದ್ದ ಹುಕ್ರಪ್ಪನೂ ಅತ್ತ.

ಮಧ್ಯಾಹ್ನದ ಬಸ್ಸಿಗೆ ಬಂದ ನರ್ಸಮ್ಮ ಚೀಲದಿಂದ ಸಣ್ಣ ತೂಕದ ಕೊಕ್ಕೆ ತೆಗೆದು, ಮಗುವನ್ನು ಬಟ್ಟೆಯಲ್ಲಿ ತೂಗಿದರು. "ಹೆಣ್ಣು ಮಗು, ಆರು ರಾತಲು. ಒಳ್ಳೇ ಮಗು!"

ಪಕ್ಕದ ಮನೆಯ ಮುದುಕಿಯೊಬ್ಬಳು ದಮಯಂತಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಆರು ತಿಂಗಳಿಂದ ಬೆಲ್ಲ ಬಿಟ್ಟು ನಡೆದದ್ದೇ ಬಂತು. ಎಂತ ಇಳಿದಿದೆ ಇವಳಲ್ಲಿ?" ಎಂದಳು.

ದಮಯಂತಕ್ಕನಿಗೆ ಸಿಟ್ಟು ಬರಲಿಲ್ಲ. ಮಗುವನ್ನು ಎತ್ತಿಕೊಂಡು ಅದರ ಭಾರ ನೋಡುತ್ತ ನಿಂತಿದ್ದಳು. "ನಾನು ಇಳಿಸಿದ್ದು ಇಪ್ಪತ್ತನಾಲ್ಕು ರಾತಲು. ಅಂದ್ರೆ ಹೋದ ಸಲ ನಾನು ಇಂಥ ನಾಲ್ಕು ಮಕ್ಕಳನ್ನು ಹೊತ್ತುಕೊಂಡು ಈ ಗುಡ್ಡೆ ಹತ್ತಿದ್ದಾ ನರ್ಸಮ್ಮ?"

"ಹೌದು. ಇನ್ನೂ ನಾಲ್ಕೈದು ಮಕ್ಕಳನ್ನು ಇಳಿಸ್ಲಿಕ್ಕುಂಟು ನಿಮಗೆ."

"ಇಳಿಸುವ. ಒಬ್ಬೊಬ್ಬರನ್ನೇ."

ಹಾಗೆಯೇ ಇಳಿಸಿದಳು. ಮತ್ತೆ ಎರಡು ವರ್ಷ ಹಿಡಿಯಿತು. ನಡುವೆ ಒಂದು ಮಳೆಗಾಲ ಐದು ರಾತಲು ಮರಳಿ ಬಂದದ್ದೂ ಉಂಟು. ಮದುವೆಯ ದಿನದ ಮೈ ಬರಲೇ ಇಲ್ಲ. ಅದು ಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮೈಯೂ ನಿಮಗೆ ಭಾರವಾಗಿದ್ದರೆ ಮೊದಲು ಹತ್ತಿರದ ಡಾಕ್ಟರಿಗೋ ನರ್ಸಮ್ಮನಿಗೋ ತೋರಿಸಿ. ತಿಂಗಳಲ್ಲಿ ಇಳಿಸಿಕೊಡುತ್ತೇನೆ ಎನ್ನುವವರ ಕಷಾಯ, ಪುಡಿಗಳನ್ನು ನಂಬಬೇಡಿ. ಊಟ ಬಿಡಬೇಡಿ, ಕಡಿಮೆ ಮಾಡಿ. ವರ್ಷಗಟ್ಟಲೆ ಬಂದದ್ದಕ್ಕೆ ಹೋಗಲು ವರ್ಷ ಕೊಡಿ. ಮನೆಯಲ್ಲಿ ಯಾರಾದರೂ ತೂಕ ಇಳಿಸುವ ಪ್ರಯತ್ನದಲ್ಲಿದ್ದರೆ ನಗಬೇಡಿ, ಕೊಡೆ ಹಿಡಿದು ಜೊತೆಗೆ ನಡೆಯಿರಿ. ಈ ವಾರ ತೂಕ ಇಳಿಯಲಿಲ್ಲವೇ? ಮುಂದಿನ ವಾರ ನೋಡುವ. ನಾಳೆ ಬೆಳಗ್ಗೆ ನಡೆಯುವುದನ್ನು ಮಾತ್ರ ಬಿಡಬೇಡಿ. ನಿಮಗಾಗಿ ಕಾಯುತ್ತಿರುವವರು ಯಾರೋ ಇದ್ದಾರೆ.