ಪರವಾಗಿಲ್ಲ ಸಾರ್

ಡಾಕ್ಟರ್ ವೀರೇಂದ್ರ ಅವರ ಮಂಡಿಚಿಪ್ಪು ಒಡೆದ ಸುದ್ದಿ ಕೇಳಿ ನನಗೆ ಸಂತೋಷವಾಯಿತು. ಮುಚ್ಚಿಟ್ಟು ಏನು ಪ್ರಯೋಜನ? ದೇವರಮನೆ ಬೆಟ್ಟದ ಹುಲ್ಲಿನ ಇಳಿಜಾರಿನಲ್ಲಿ ಫೋಟೋಗೆ ನಿಲ್ಲಲು ಹೋಗಿ ಜಾರಿಬಿದ್ದರಂತೆ. ಆಪರೇಷನ್ ಮುಗಿಸಿಕೊಂಡು ನಮ್ಮ ವಾರ್ಡಿಗೇ ಬಂದರು. ನಮ್ಮ ಮೆಡಿಕಲ್ ಕಾಲೇಜಿನ ಮೂಳೆ ವಿಭಾಗಕ್ಕೆ ಅವರೇ ಮುಖ್ಯಸ್ಥರು. ನಾನು ಅರುಣಾ, ಅಲ್ಲಿನ ಫಿಸಿಯೋಥೆರಪಿಸ್ಟ್. ಅವರ ಕಾಲು ಮಡಿಸುವ ಕೆಲಸ ನನ್ನದು.

ಮಂಡಿ ಆಪರೇಷನ್ ಆದವರ ಕಾಲನ್ನು ಮರುದಿನವೇ, ನೋವಿನ ಇಂಜೆಕ್ಷನ್ ಇಲ್ಲದೆ ಮಡಿಸಬಹುದು ಎಂಬುದು ಅವರ ಸಂಶೋಧನೆ. ಮೂಡಿಗೆರೆ ಕಡೆಯ ಕಾಫಿ ತೋಟದ ಕೂಲಿ ಹೆಂಗಸರ ಮೇಲೆ ಮಾಡಿದ್ದು. "ನೋವಿದ್ಯಾ?" ಎಂದು ಡಾಕ್ಟರು ಕೇಳುತ್ತಿದ್ದರು. "ಪರವಾಗಿಲ್ಲ ಸಾರ್" ಎಂದು ಎಲ್ಲರೂ ಹೇಳುತ್ತಿದ್ದರು. ಸಾಹುಕಾರರ ಮುಂದೆ, ಡಾಕ್ಟರ ಮುಂದೆ ಅವರು ಇನ್ನೇನು ಹೇಳಿಯಾರು? ಮೈ ಸುಡುತ್ತಿದ್ದರೂ ಹಾಜರಿ ಬರೆಯುವ ಎಸ್ಟೇಟ್ ರೈಟರಿಗೆ ಹೇಳುವುದು ಅದನ್ನೇ. ಡಾಕ್ಟರು ಬೆನ್ನು ತಿರುಗಿಸಿದ ಮೇಲೆ ಆ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದರು. ನಾನು ಅದನ್ನು ಡಾಕ್ಟರಿಗೆ ತಿಳಿಸಿದಾಗ, "ಸಂಶೋಧನೆಗೆ ಕಣ್ಣೀರು ಬೆರೆಸ್ಬೇಡಿ ಅರುಣಾ" ಎಂದು ನಕ್ಕರು. ಆ ಹೆಂಗಸರಲ್ಲಿ ಒಬ್ಬಳಾದ ಪಾಪಮ್ಮನ ಹೊಲಿಗೆ ಬಿಚ್ಚಿ, ಕೀವಾಗಿ, ಮಂಡಿ ಕೊರಡಿನಂತೆ ಸೆಟೆಯಿತು. ಇಳಿಜಾರಿನಲ್ಲಿ ನಿಂತು ಕಾಫಿ ಕೊಯ್ಯಲು ಅವಳಿಗೆ ಇನ್ನಾಗದು. ಆದರೂ ಇಂಜೆಕ್ಷನ್ ಇಲ್ಲದೆ ಮಡಿಸುವ ಆ ನಿಯಮ ವಾರ್ಡಿನಲ್ಲಿ ಹಾಗೇ ಉಳಿಯಿತು. ನನ್ನ ಹೊಟ್ಟೆಯಲ್ಲಿ ಬೆಂಕಿಯೂ ಉಳಿಯಿತು.

ಡಾಕ್ಟರ ಆಪರೇಷನ್ನಿನ ಮರುದಿನ ಬೆಳಿಗ್ಗೆ ವಿದ್ಯಾರ್ಥಿಗಳೆಲ್ಲ ಸುತ್ತ ನಿಂತಿದ್ದರು. ಡ್ರೆಸ್ಸಿಂಗಿಗೆ ಬಂದ ಪಾಪಮ್ಮ ಎದುರಿನ ಬೆಂಚಿನಲ್ಲಿದ್ದಳು. ನಾನು ಡಾಕ್ಟರ ಹಿಮ್ಮಡಿ ಹಿಡಿದೆ.

"ಇಂಜೆಕ್ಷನ್?" ಎಂದರು, ಮೆಲ್ಲಗೆ.

"ನಿಮ್ ರೂಲ್ ಪ್ರಕಾರ ಬೇಡ್ವಲ್ಲ ಸಾರ್. ಬೇಕು ಅಂದ್ರೆ ಹೇಳಿ, ರೂಲೇ ತೆಗ್ದುಬಿಡಣ, ಎಲ್ರಿಗೂ."

ವಿದ್ಯಾರ್ಥಿಗಳತ್ತ ಒಮ್ಮೆ ನೋಡಿ, "ಬೇಡ" ಎಂದರು.

ಮಡಿಸಿದೆ. ಅವರ ಹಣೆ ಬೆವರಿತು.

"ನೋವಿದ್ಯಾ?" ಅವರದೇ ಧಾಟಿಯಲ್ಲಿ ಕೇಳಿದೆ.

"ಪರವಾಗಿಲ್ಲ."

ಎಂಥಾ ಖುಷಿಯಾಯಿತು ನನಗೆ! ಇನ್ನಷ್ಟು ಮಡಿಸಿದೆ, ಅವರ ನಿಯಮಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅವರು ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡರು. ಪಾಪಮ್ಮ ಬೆಂಚಿನಿಂದ ಎದ್ದು ನಿಂತಳು.

"ಅಯ್ಯೋ, ಸಾಕು ಮಾರಾಯ್ತಿ! ನೋವು!" ಡಾಕ್ಟರು ಹೊದಿಕೆ ಉಗುಳಿ ಕೂಗಿದರು.

"ರೂಲು, ಸಾರ್?"

"ತೆಗೀರಿ! ಯಾರಿಗೂ ಬೇಡ!"

ವಿದ್ಯಾರ್ಥಿಗಳೆಲ್ಲ ಕೇಳಿಸಿಕೊಂಡರು. ನಾನು ನಿಲ್ಲಿಸಿದೆ. ಆದರೆ ತಕ್ಷಣವೇ ಅಲ್ಲ, ಪಾಪಮ್ಮನ ಸೆಟೆದ ಕಾಲನ್ನು ಒಮ್ಮೆ ನೋಡಿ, ಆಮೇಲೆ.