ಏರಿನಲ್ಲಿ ನಿಲ್ಲುವ ಜೀಪು

ತೋಟದ ಕೂಲಿ ಮಾರಿಯ ಕಾಲು ಮುರಿದ ಮರುದಿನ ಬೆಳಿಗ್ಗೆ ಸಾಂತಪ್ಪ ತಮ್ಮನ ಮನೆಯ ಅಂಗಳಕ್ಕೆ ಬಂದ. ಕೂರುವ ಮೊದಲೇ ಶುರುಮಾಡಿದ.

“ಜೀಪಿನ ಕೀ ನನ್ನ ಮಗ ಮೋಕ್ಷಿತನಿಗೆ ಕೊಡು ಬೊಳ್ಳಮ್ಮ. ಹೆಂಗಸರು ಏರಿನಲ್ಲಿ ಗಾಡಿ ಬಿಡುದು ಸಾಕು. ನಿನ್ನೆ ಕಾಲು ಹೋಯ್ತು, ನಾಳೆ ಜೀವ ಹೋದ್ರೆ ಎಂತ ಮಾಡುದು?”

“ಗಾಡಿ ತಾನಾಗಿ ಆಫ್ ಆಯ್ತು ಭಾವ.”

“ತಾನಾಗಿ ಆಫ್ ಆಗುದುಂಟಾ? ಕ್ಲಚ್ ಬಿಟ್ಟಿರ್ತಿ ನೀನು.”

ಬೊಳ್ಳಮ್ಮನಿಗೆ ನೆತ್ತಿಯವರೆಗೆ ಉರಿಯಿತು. ಸೊಂಟ ಕೆಟ್ಟು ಗಂಡ ಅಪ್ಪಯ್ಯ ಸ್ಟೀರಿಂಗ್ ಬಿಟ್ಟಂದಿನಿಂದ ತೋಟದ ಜೀಪು ಓಡಿಸುವವಳು ಅವಳೇ. ಲೈನ್ ಮನೆಯ ಕೂಲಿ ಹೆಂಗಸರನ್ನು ಕೆಲಸಕ್ಕೆ ಮೇಲಿನ ತೋಟಕ್ಕೆ ಹತ್ತಿಸುವವಳು, ಕಾಫಿ ಮೂಟೆ ಇಳಿಸುವವಳು ಅವಳೇ. ಇಷ್ಟು ವರ್ಷ ಇದೇ ಭಾವ ತನ್ನ ಮೂಟೆಗಳನ್ನೂ ಅವಳ ಜೀಪಿಗೇ ಹೇರಿಸಿದ್ದ. ಆಗ ಹೆಂಗಸು ಎಂಬುದು ನೆನಪಿಗೆ ಬಂದಿರಲಿಲ್ಲ. ಜಗುಲಿಯಲ್ಲಿ ಕೂತಿದ್ದ ಅಪ್ಪಯ್ಯ ಅಣ್ಣನಿಗೆ ಎದುರಾಡದೆ ನೆಲ ನೋಡಿದ. ಅದು ಅವಳಿಗೆ ಇನ್ನೂ ಹೆಚ್ಚು ಸುಟ್ಟಿತು.

“ಕೀ ಕೊಡುದಿಲ್ಲ,” ಎಂದವಳೇ ಎದ್ದು ಶೆಡ್ಡಿಗೆ ಹೋದಳು.

ಈ ಮಳೆಗಾಲ ಶುರುವಾದಾಗಿನಿಂದ ಜೀಪಿಗೆ ಇದೇ ರೋಗ. ಹೋಗುತ್ತ ಹೋಗುತ್ತ ಮೀಟರಿನ ದೀಪಗಳು ಒಮ್ಮೆಲೇ ಆರುತ್ತವೆ, ಇಂಜಿನ್ ಸತ್ತುಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್. ಸುಂಟಿಕೊಪ್ಪದ ಗ್ಯಾರೇಜಿನ ಗುರುವಪ್ಪ ಮೊದಲು ಬ್ಯಾಟರಿ ಬದಲಿಸಿದ, ಮತ್ತೆ ಆಲ್ಟರ್ನೇಟರ್ ಬಿಚ್ಚಿಸಿದ, ಮತ್ತೆ ಕೀ ಸ್ವಿಚ್ಚನ್ನೇ ಹೊಸದು ಹಾಕಿದ. ಪ್ರತಿ ಸಲವೂ ಬಸ್ ಸ್ಟ್ಯಾಂಡಿನವರೆಗೆ ಓಡಿಸಿ ತಂದು, “ಈಗ ಕಂಪ್ಲೀಟ್ ಸರಿ ಅಕ್ಕ” ಎನ್ನುತ್ತಿದ್ದ. ನಿನ್ನೆ ಆ ಕಂಪ್ಲೀಟ್ ಸರಿಯಾದ ಜೀಪು ಮೇಲಿನ ತೋಟದ ಕಡಿದಾದ ಏರಿನಲ್ಲಿ ಹೆಂಗಸರನ್ನು ತುಂಬಿಕೊಂಡು ನಿಂತಿತು. ಇಂಜಿನ್ ನಿಂತರೆ ಆ ಗಾಡಿಯ ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅವಳು ಎರಡೂ ಕಾಲು ಕೊಟ್ಟು ತುಳಿಯುವಷ್ಟರಲ್ಲಿ ಜೀಪು ಹಿಂದಕ್ಕೆ ಜಾರಿ ಪಕ್ಕದ ಮಣ್ಣಿನ ಬರೆಗೆ ಗುದ್ದಿತ್ತು. ಹೆದರಿ ಹಾರಿದ ಮಾರಿ ಕಾಲುವೆಗೆ ಬಿದ್ದಿದ್ದಳು.

ಶೆಡ್ಡಿನಲ್ಲಿ ಜೀಪು ಹತ್ತಿ ಕೂತ ಬೊಳ್ಳಮ್ಮ ಸ್ಟೀರಿಂಗಿಗೆ ಕೈಯಿಂದ ಬಡಿದಳು. “ಎಲ್ಲಿ ನಿಲ್ತಿ ನೀನು? ಎಲ್ಲೆಲ್ಲಿ ನಿಂತೆ?” ಬೈಯುತ್ತಲೇ ಒಂದೊಂದೇ ಜಾಗ ನೆನಪಿಸಿಕೊಂಡಳು. ಕೆರೆಯ ತಿರುವು. ಏಲಕ್ಕಿ ಹೊಂಡದ ಕೆಸರು. ಲೈನಿನ ಹಿಂದಿನ ಏರು. ಸುಂಟಿಕೊಪ್ಪದ ಟಾರು ರಸ್ತೆಯಲ್ಲಿ? ಒಮ್ಮೆಯೂ ಇಲ್ಲ.

ಅವಳ ಕೈ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಸಣ್ಣ ಲಿವರಿನ ಮೇಲೆ ಹೋಯಿತು. ನಿಂತ ಜಾಗದಲ್ಲೆಲ್ಲ ಫೋರ್ ವೀಲ್ ಹಾಕಿದ್ದಳು. ಗುರುವಪ್ಪ ಒಮ್ಮೆಯಾದರೂ ಆ ಲಿವರ್ ಮುಟ್ಟಿ ನೋಡಿದ್ದನೇ?

ಅವಳು ಜೀಪನ್ನು ಸುಂಟಿಕೊಪ್ಪಕ್ಕೆ ಓಡಿಸಿಕೊಂಡು ಹೋದಾಗ ಗ್ಯಾರೇಜಿನಲ್ಲಿ ಗುರುವಪ್ಪ ಕೈ ಒರೆಸಿಕೊಳ್ಳುತ್ತ, “ಬಿಟ್ಟು ಹೋಗಿ ಅಕ್ಕ, ನೋಡಿಡ್ತೇನೆ” ಎಂದ.

“ಬಿಟ್ಟು ಹೋಗುದಿಲ್ಲ. ನೀನು ಹತ್ತು. ಏರಿನಲ್ಲೇ, ಫೋರ್ ವೀಲ್ ಹಾಕಿ ನೋಡ್ಬೇಕು.”

“ಫೋರ್ ವೀಲಿಗೂ ಕರೆಂಟಿಗೂ ಎಂತ ಸಂಬಂಧ ಅಕ್ಕ? ಅದು ಬರೀ ಗೇರು.”

“ಸಂಬಂಧ ಇಲ್ಲ ಅಂತ ಮಾರಿಯ ಕಾಲಿಗೆ ಹೇಳು. ಹತ್ತುತ್ತೀಯಾ, ಇಲ್ಲಾ ಗಾಡಿಯನ್ನು ನಿನ್ನ ಗ್ಯಾರೇಜಿನ ಬಾಗಿಲಿಗೇ ಅಡ್ಡ ಇಟ್ಟು ಹೋಗ್ಲಾ?”

ಪಕ್ಕದ ಹೋಟೆಲಿನವರು ಹೊರಗೆ ಬಂದು ನೋಡತೊಡಗಿದರು. ಗುರುವಪ್ಪ ಟೂಲ್ಸ್ ಚೀಲ ಹಿಡಿದು ಹತ್ತಿದ.

ಏರಿನ ಬುಡದಲ್ಲಿ ಅವಳು ಚಕ್ರಗಳ ಹಿಂದೆ ದಪ್ಪ ಕಲ್ಲು ಕೊಟ್ಟಳು. ಗುರುವಪ್ಪ ಇಂಜಿನ್ನಿನ ಡೀಸೆಲ್ ಪಂಪಿಗೆ ಹೋಗುವ ವೈರಿಗೆ ಟೆಸ್ಟ್ ಲೈಟ್ ಸಿಕ್ಕಿಸಿ, ಅದನ್ನು ಒಳಗೆ ಎಳೆದು ಕೈಯಲ್ಲಿ ಹಿಡಿದು ಕೂತ. ಪಂಪಿಗೆ ಕರೆಂಟ್ ಇರುವವರೆಗೆ ದೀಪ ಉರಿಯಬೇಕು. ಅವಳು ಇಂಜಿನ್ ಸ್ಟಾರ್ಟ್ ಮಾಡಿದಳು. ದೀಪ ಉರಿಯಿತು. ಸಣ್ಣ ಲಿವರ್ ಎಳೆದಳು. ಆಗಲೂ ಉರಿಯುತ್ತಿತ್ತು.

“ನೋಡಿ, ನಾನು ಹೇಳಿದ್ದು…” ಗುರುವಪ್ಪ ಬಾಯಿ ತೆರೆದ.

ಬೊಳ್ಳಮ್ಮ ಕ್ಲಚ್ ಬಿಡುತ್ತ ಗಾಡಿಯನ್ನು ಏರಿಗೆ ಬಿಟ್ಟಳು. ಭಾರ ಬಿದ್ದು ಇಂಜಿನ್ ನಡುಗಿತು. ದೀಪ ಮಿಣುಕಿ ಆರಿತು. ಮೀಟರು ಕತ್ತಲಾಯಿತು, ಇಂಜಿನ್ ಸತ್ತಿತು. ಜೀಪು ಹಿಂದಕ್ಕೆ ಕುಸಿದು ಕಲ್ಲಿಗೆ ತಾಗಿ ನಿಂತಿತು. ಗುರುವಪ್ಪ ಚೀಲದಿಂದ ಸ್ಪ್ಯಾನರ್ ತೆಗೆದ.

ಲಿವರಿನ ಬುಡದ ತಗಡು ಬಿಚ್ಚಿದಾಗ ಕಾರಣ ಕಂಡಿತು. ವೈರುಗಳ ಕಟ್ಟು ಲಿವರಿನ ಆಚೆ ಬದಿಯಲ್ಲಿ ಹೋಗಬೇಕಿತ್ತು, ಈಚೆಯಿಂದ ಹೋಗಿತ್ತು. ಹಿಡಿದಿಡುವ ಕ್ಲಿಪ್ಪೂ ಇರಲಿಲ್ಲ. ಲಿವರ್ ಎಳೆದಾಗಲೆಲ್ಲ ಕಟ್ಟು ಬಿಗಿದು, ಒಂದು ವೈರಿನೊಳಗಿನ ತಾಮ್ರ ಕಡಿದುಹೋಗಿತ್ತು. ಮೇಲಿನ ಪ್ಲಾಸ್ಟಿಕ್ ಮಾತ್ರ ಗಟ್ಟಿಯಾಗಿತ್ತು. ಲಿವರ್ ಎಳೆದಿರುವಾಗ ಇಂಜಿನ್ ನಡುಗಿದರೆ ತುಂಡುಗಳು ದೂರವಾಗುತ್ತಿದ್ದವು, ನಡುಕ ನಿಂತ ಮೇಲೆ ಮತ್ತೆ ತಾಗುತ್ತಿದ್ದವು.

“ಮಳೆಗೆ ಮೊದಲು ಕ್ಲಚ್ ಪ್ಲೇಟ್ ಹಾಕ್ಲಿಕ್ಕೆ ಗೇರ್ ಬಾಕ್ಸ್ ಇಳಿಸಿದ್ದು ಯಾರು?” ಬೊಳ್ಳಮ್ಮ ಕೇಳಿದಳು.

ಗುರುವಪ್ಪ ಟೇಪು ಹುಡುಕುವವನಂತೆ ಚೀಲದೊಳಗೆ ಕೈ ಹಾಕಿದ. “ಸಣ್ಣ ವಿಷಯ ಅಕ್ಕ. ಈಗ ಹೊಸ ವೈರ್ ಎಳೆದು ಸರಿ ಮಾಡ್ತೇನೆ. ಯಾರಿಗೂ ಹೇಳುದು ಬೇಡ.”

“ಸಣ್ಣ ವಿಷಯವಾ? ಅಲ್ಲಿ ಒಬ್ಬಳು ಕಾಲು ಕಟ್ಟಿಸಿಕೊಂಡು ಮಲಗಿದ್ದಾಳೆ! ಊರೆಲ್ಲ ನನಗೆ ಓಡಿಸ್ಲಿಕ್ಕೆ ಬರುದಿಲ್ಲ ಅಂತಿದೆ. ನೀನು ಮೂರು ತಿಂಗಳು ಬ್ಯಾಟರಿ ಬದಲಿಸ್ತಾ ಕೂತೆ. ವೈರ್ ಆಮೇಲೆ. ಮೊದಲು ನಡಿ.”

ಅವನನ್ನು ಮುಂದೆ ಬಿಟ್ಟುಕೊಂಡು ಅಂಗಳಕ್ಕೆ ಬಂದಳು. ಸಾಂತಪ್ಪ ಇನ್ನೂ ಹೋಗಿರಲಿಲ್ಲ, ಮತ್ತೊಂದು ಕಾಫಿ ಕುಡಿಯುತ್ತಿದ್ದ. ಗುರುವಪ್ಪ ತಲೆ ಎತ್ತದೆ ನಡೆದದ್ದನ್ನು ಹೇಳಿದ. ಸಾಂತಪ್ಪ ಲೋಟ ಕೆಳಗಿಟ್ಟು, “ಹಾಗಾದ್ರೆ ಸರಿ. ಆದ್ರೂ…” ಎಂದ.

“ಆದ್ರೂ ಎಂತದ್ದೂ ಇಲ್ಲ ಭಾವ. ನಾಳೆಯಿಂದ ನಿಮ್ಮ ಮೂಟೆ ಮೋಕ್ಷಿತನೇ ಹೊರಲಿ.”

ಅಪ್ಪಯ್ಯ ಈಗ ಏನೋ ಹೇಳಹೊರಟ. ಅವಳು ನಿಲ್ಲಲಿಲ್ಲ. ಗುರುವಪ್ಪನನ್ನು ಮಾರಿಯ ಲೈನ್ ಮನೆಗೆ ಕರೆದೊಯ್ದಳು.

ಮಾರಿ ಚಾಪೆಯ ಮೇಲೆ ಗೋಡೆಗೆ ಒರಗಿದ್ದಳು. ಪ್ಲಾಸ್ಟರ್ ಹಾಕಿದ ಕಾಲು ಮುಂದೆ ಚಾಚಿತ್ತು. ಗುರುವಪ್ಪ ಕೈ ಮುಗಿದ. ಅವಳು ಅವನತ್ತ ನೋಡಲೇ ಇಲ್ಲ, ಬೊಳ್ಳಮ್ಮನನ್ನೇ ನೋಡಿದಳು.

“ಅಮ್ಮಾ, ಇವನು ತಪ್ಪು ಮಾಡಿದ, ಸರಿ. ಗಾಡಿ ನಿಲ್ತದೆ ಅಂತ ನಿಮಗೆ ಗೊತ್ತಿತ್ತಲ್ಲಾ? ಗೊತ್ತಿದ್ದೂ ನಮ್ಮನ್ನು ಯಾಕೆ ಹತ್ತಿಸಿದ್ದು?”

ಬೆಳಗಿನಿಂದ ಎಲ್ಲರ ಬಾಯಿ ಮುಚ್ಚಿಸಿದ್ದ ಬೊಳ್ಳಮ್ಮ ಚಾಪೆಯ ಪಕ್ಕ ಕುಳಿತಳು. ಕೆಲಸ ತಡವಾಗುತ್ತಿತ್ತು ಎಂದು ಹೇಳಬಹುದಿತ್ತು. ಅದು ನಾಲಿಗೆಯ ಮೇಲೆ ಬಂದು, ನಾಚಿಕೆಯಾಗಿ ಹಿಂದೆ ಹೋಯಿತು.

“ಹತ್ತಿಸಬಾರದಿತ್ತು,” ಎಂದಳು.

“ಇನ್ನು ನಾನು ಹತ್ತುದಿಲ್ಲ. ಕಾಲು ಸರಿಯಾದ್ಮೇಲೆ ನಡೆದೇ ಬರ್ತೇನೆ.”

“ಸರಿ.”

ಮಧ್ಯಾಹ್ನದೊಳಗೆ ಗುರುವಪ್ಪ ಹೊಸ ವೈರು ಎಳೆದು, ಲಿವರಿಗೆ ತಾಗದ ಹಾಗೆ ಕ್ಲಿಪ್ಪು ಹಾಕಿದ. ಬೊಳ್ಳಮ್ಮ ಜೀಪಿಗೆ ಮರಳಿನ ಚೀಲ ತುಂಬಿಸಿದಳು. ಯಾರನ್ನೂ ಹತ್ತಲು ಬಿಡದೆ, ಫೋರ್ ವೀಲ್ ಹಾಕಿ ಒಬ್ಬಳೇ ಅದೇ ಏರನ್ನು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಜೀಪು ನಿಲ್ಲಲಿಲ್ಲ. ಮೀಟರಿನ ದೀಪ ನೋಡುತ್ತ ಅವಳು ಹಲ್ಲು ಕಚ್ಚಿಕೊಂಡೇ ಇದ್ದಳು. ಕೋಪ ಮಾತ್ರ ಇಳಿದಿರಲಿಲ್ಲ. ಬೆಳಿಗ್ಗೆ ಗುರುವಪ್ಪನ ಮೇಲೆ, ಭಾವನ ಮೇಲೆ ಹಾಯ್ದದ್ದು ಈಗ ಬೇರೆಯವರ ಮೇಲೆ ಹೋಗಲು ಒಪ್ಪದೆ ಅವಳೊಳಗೇ ಕೂತಿತ್ತು.